ಜರಿ ಕಿರೀಟದ ರಾಜ

ನಾನು ನಿಮ್ಮಷ್ಟು ಚಿಕ್ಕವನಿದ್ದಾಗ, ಮಕ್ಕಳೇ, ಮೊಳಕಾಲ್ಮೂರಿನ ನಮ್ಮ ಮನೆಯಲ್ಲಿ ಅಮಾವಾಸ್ಯೆ ಬಂದರೆ ಮಗ್ಗಕ್ಕೆ ರಜೆ. ದಿನವಿಡೀ ಲಟಪಟ ಎನ್ನುತ್ತಿದ್ದ ಮಗ್ಗ ಸುಮ್ಮನಾದರೆ ಕಿವಿಗೆ ಒಂಥರಾ ಆಗುತ್ತಿತ್ತು. ಅವತ್ತು ಎಲ್ಲರೂ ಕೂತು ಇಸ್ಪೀಟು ಆಡುತ್ತಿದ್ದೆವು.

ನಮ್ಮ ಹಳೇ ಕಟ್ಟಿನ ಆಟೀನ್ ರಾಜನ ಕಿರೀಟ ಬೆರಳು ತಾಗಿ ತಾಗಿ ಅಳಿಸಿಹೋಗಿತ್ತು. ‘ಕಿರೀಟ ಇಲ್ದೋನು ಎಂಥ ರಾಜ?’ ಎಂದು ಅಕ್ಕನ ಗೋಳು. ಒಂದು ಅಮಾವಾಸ್ಯೆ ಅಪ್ಪ, ಸೆರಗು ನೇಯ್ದು ಉಳಿದಿದ್ದ ಜರಿಯ ಎಳೆಗಳನ್ನು ಹುಣಸೆ ಬೀಜದ ಅಂಟಿನಲ್ಲಿ ಆ ರಾಜನ ತಲೆಯ ಮೇಲೆ ಒಂದರ ಪಕ್ಕ ಒಂದು ಕೂರಿಸಿದರು. ಬೆಳಕಿಂಡಿಯ ಬಿಸಿಲು ಬಿದ್ದಿತು ನೋಡಿ, ಕಿರೀಟ ಹೊತ್ತಿಕೊಂಡಿತು! ನಾನು ತೆರೆದ ಬಾಯಿ ಮುಚ್ಚಲೇ ಇಲ್ಲ.

‘ಕೊನೇ ಎಲೆ ಯಾರು ಗೆಲ್ತಾರೋ, ನಾಳೆ ಹೊಸ ಸೀರೆಗೆ ಮೊದಲ ಲಾಳಿ ಅವ್ರದ್ದೇ’ ಎಂದರು ಅಪ್ಪ. ಅಕ್ಕನ ಕಣ್ಣು ಅರಳಿತು. ಲಾಳಿಗೆ ನೂಲು ಸುತ್ತಿಕೊಡುವುದಷ್ಟೇ ಅವಳ ಕೆಲಸ. ಮಗ್ಗಕ್ಕೆ ಅವಳನ್ನು ಯಾರೂ ಕೂರಿಸಿರಲಿಲ್ಲ. ಅವಳ ಆಸೆಯೆಲ್ಲ ಅದೊಂದೇ.

ನಾನೂ ಅವ್ವನೂ ಬೇಗ ಸೋತೆವು. ಅಪ್ಪನ ಕೈಲಿ ಎರಡು, ಅಕ್ಕನ ಕೈಲಿ ಎರಡು ಎಲೆ ಉಳಿದವು. ಅಪ್ಪನ ಬೆನ್ನಿಗೆ ಜೋತುಬಿದ್ದು ಇಣುಕಿದೆ: ಆಟೀನ್ ಎಕ್ಕ, ಆಟೀನ್ ರಾಣಿ. ಎಕ್ಕವನ್ನು ಕೊನೆಗೆ ಉಳಿಸಿಕೊಂಡರೆ ಎಂಥ ರಾಜನೂ ಸೋಲುತ್ತಾನೆ. ಎದುರಿಗೆ ಅಕ್ಕನ ಗಲ್ಲದ ಮೇಲೆ ಹೊನ್ನಿನ ಚೂರೊಂದು ಕುಣಿಯುತ್ತಿತ್ತು. ಅವಳು ಎಲೆ ಬಚ್ಚಿಟ್ಟರೂ ಜರಿ ಸುಮ್ಮನಿರಬೇಕಲ್ಲ! ರಾಜ ಅವಳ ಹತ್ತಿರವೇ ಇದ್ದ.

‘ಅಪ್ಪಾ, ಅಕ್ಕನ ಮುಖ...’ ಎನ್ನುವಷ್ಟರಲ್ಲಿ ‘ಸುಮ್ಕಿರ್ಲೇ’ ಎಂದು ಗದರಿದರು. ಎಕ್ಕವನ್ನೇ ಮೊದಲು ಎಸೆದರು. ಅಕ್ಕ ತನ್ನ ಸಣ್ಣ ಎಲೆ ಕೊಟ್ಟು ಪಾರಾದಳು.

‘ಏನ್ರಿ, ಎಕ್ಕನ ಹಿಂಗೆ ಹಾಳು ಮಾಡ್ಕಂತಾರಾ?’ ಅವ್ವ ಹಣೆ ಚಚ್ಚಿಕೊಂಡಳು.

‘ಕಣ್ಣಿಗೆ ಮಂಪರು ಐತೆ ಕಣೇ’ ಎನ್ನುತ್ತ ಅಪ್ಪ ರಾಣಿಯನ್ನು ಇಳಿಸಿದರು. ಅದರ ಮೇಲೆ ಅಕ್ಕನ ರಾಜ ಧಗಧಗ ಹೊಳೆಯುತ್ತ ಬಿದ್ದ. ಮರುದಿನ ಅಪ್ಪ ‘ರಾ ತಲ್ಲಿ, ಕೂರ್ಚೋ’ ಎಂದು ಮನೆಯ ತೆಲುಗಿನಲ್ಲೇ ಕರೆದು ಅವಳನ್ನು ಮಗ್ಗದ ಮುಂದೆ ಕೂರಿಸಿದರು. ಅಕ್ಕ ಲಾಳಿ ಹಿಡಿದು ಮೊದಲ ಎಳೆ ಹಾಯಿಸಿದಳು.

ಈಗ ನೀವು ಚಳ್ಳಕೆರೆಯಲ್ಲಿ ಮಾಡಿಸಿ ತಂದಿರುವ ಇಸ್ಪೀಟು ನೋಡಿ. ಕಂಪ್ಯೂಟರಿನಲ್ಲಿ ನೀವೇ ಬರೆದ ರಾಜರಾಣಿಯರು, ಲೋಹದ ಶಾಯಿಯ ಅಚ್ಚು. ಬೆರಳಾಡಿಸಿದರೆ ಒಂದು ಎಳೆಯೂ ಸಿಗುವುದಿಲ್ಲ, ಬರೀ ನುಣುಪು. ಆದರೂ ಎಲೆಯನ್ನು ತುಸು ಓರೆ ಮಾಡಿದರೆ ಸಾಕು, ಮಂಕಾಗಿದ್ದ ಕಿರೀಟದಲ್ಲಿ ಹೊತ್ತು ಹುಟ್ಟುತ್ತದೆ. ಶಾಯಿಗೆ ಇಷ್ಟು ಬೆಳಕು ಎಲ್ಲಿಂದ ಬಂತೋ! ನನ್ನ ಬಾಯಿ ಮತ್ತೆ ತೆರೆದೇ ಇದೆ.

ನಿನ್ನೆ ಕಿಟಕಿಯ ಬಳಿ ಆಡುವಾಗ ನಿಮ್ಮಲ್ಲಿ ಕಿರಿಯವಳ ಗಲ್ಲದ ಮೇಲೆ ಅದೇ ಹೊನ್ನಿನ ಚೂರು ಕುಣಿಯಿತು. ನನ್ನ ಕೈಲಿ ಎಕ್ಕ ಇತ್ತು. ಮೊದಲೇ ಎಸೆದುಬಿಟ್ಟೆ.

‘ತಾತ, ನಿಂಗೆ ಆಟಾನೇ ಬರಲ್ಲ!’ ಎಂದು ಅವಳು ಚಪ್ಪಾಳೆ ತಟ್ಟಿದಳು.

ಹೌದು ಕಣಮ್ಮ, ನಮ್ಮಪ್ಪನಿಗೂ ಬರುತ್ತಿರಲಿಲ್ಲ.