ಕೊಯ್ದು ಹಾಕಿದ ಸರಳು

ರಾಯಚೂರು ಬೆಳೆಯಬಾರದು ಎನ್ನುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಅವರೇನು ಹೊರಗಿನವರಲ್ಲ, ನಮ್ಮ ಓಣಿಯವರೇ. ಎದುರು ಮನೆಯ ನಿವೃತ್ತ ಅಧಿಕಾರಿಗಳಿಗೆ ಹೈದರಾಬಾದಿನ ಮಗಳ ಮನೆಯೆಂದರೆ ಬಲು ಹೆಮ್ಮೆ. ಹನ್ನೊಂದನೆಯ ಮಹಡಿಯಂತೆ, ಕೆಳಗಿಳಿದರೆ ಕಾಯಿಪಲ್ಲೆ, ಔಷಧಿ, ಶಾಲೆ ಎಲ್ಲ ಕಾಲಬುಡದಲ್ಲೇ ಅಂತೆ. ಅದೇ ಬಾಯಲ್ಲಿ, ಇಲ್ಲಿ ಯಾರಾದರೂ ಎರಡನೆಯ ಮಹಡಿ ಎತ್ತಿದರೆ ಊರು ಕೆಟ್ಟಿತು ಎಂದು ಗೋಳಾಡುತ್ತಾರೆ. ದೇವದುರ್ಗ, ಮಾನ್ವಿಯಲ್ಲೂ ಇಂಥವರಿಗೆ ಬರವಿಲ್ಲ.

ನನ್ನ ತಂಗಿ ರಾಯಚೂರಿನ ಒಂದು ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದಳು. ಗಂಡನ ಮನೆ ದೇವದುರ್ಗ. ದಿನಾ ಹೋಗಿಬರುವುದು ಬಸ್ಸಿನಲ್ಲಿ, ಅದೂ ಬಹಳ ಸಲ ನಿಂತುಕೊಂಡೇ. ಬಸುರಿಯಾದ ಮೇಲೆ ಆ ರಸ್ತೆಯ ಕುಲುಕಾಟ ತಡೆಯಲಾಗದೆ, ರಾಯಚೂರಲ್ಲೇ ಒಂದು ಬಾಡಿಗೆ ಮನೆ ನೋಡು ಎಂದಳು. ಹುಡುಕಿದೆ. ಇರುವುದೇ ಬೆರಳೆಣಿಕೆಯ ಮನೆ, ಹೀಗಾಗಿ ಮಾಲೀಕರ ಜಂಬ ಕೇಳಬೇಡಿ. ಒಬ್ಬರು ನೀವು ಯಾವ ಪೈಕಿ ಎಂದು ಕೇಳಿ, ನಾನು ಹೇಳಿದ ಕೂಡಲೇ ಮನೆ ನಿನ್ನೆಯೇ ಹೋಯಿತೆಂದರು. ತಿಂಗಳಾದರೂ ಆ ಬಾಗಿಲಿಗೆ ಅದೇ ಬೀಗ, ಅದೇ ಬಾಡಿಗೆ ಬೋರ್ಡು. ಊರ ತುಂಬ ಮಹಡಿ ಎದ್ದು ಮನೆಗಳು ಖಾಲಿ ಬಿದ್ದಿದ್ದರೆ ಇವರೇ ನಮ್ಮನ್ನು ಕೈ ಹಿಡಿದು ಕರೆಯುತ್ತಿದ್ದರು. ಜಾತಿ ಕೇಳಲು ಪುರಸೊತ್ತಾದರೂ ಎಲ್ಲಿರುತ್ತಿತ್ತು?

ನಮ್ಮದು ಎರಡು ಕೋಣೆಯ ಮನೆ, ಏಳು ಜನ. ಮೇಲೊಂದು ಮಹಡಿ ಎತ್ತಿ ತಂಗಿಗೆ ಕೊಡೋಣವೆಂದು ಎಂಜಿನಿಯರನ್ನು ಕರೆತಂದೆ. ಅವನು ಮಾಳಿಗೆ ಹತ್ತಿ, ಬುನಾದಿ ಗಟ್ಟಿಯಿದೆ, ಆದರೆ ಕಂಬದ ಸರಳೆಲ್ಲಿ ಎಂದ.

ಸರಳು ನಾನೇ ಕೊಯ್ಸಿದ್ದೆ.

ಆ ಮನೆ ಕಟ್ಟಿದವನು ನನ್ನಪ್ಪ. ನೀರಮಾನ್ವಿಯಿಂದ ಬಂದ ಗೌಂಡಿ. ನಮ್ಮ ಗೌಂಡಿಗಳು ಮನೆ ಮುಗಿಸುವಾಗ ಕಂಬದ ಕಬ್ಬಿಣದ ಸರಳುಗಳನ್ನು ಮಾಳಿಗೆಯ ಮೇಲೆ ಎರಡು ಮೊಳ ಹಾಗೇ ಬಿಡುತ್ತಾರೆ. ನಾಳೆ ಮಹಡಿ ಎತ್ತಬೇಕಾದರೆ ಕಂಬ ಅಲ್ಲಿಂದಲೇ ಮುಂದುವರಿಯಲಿ ಎಂದು. ತುಕ್ಕು ಹಿಡಿಯದಿರಲೆಂದು ಅಪ್ಪ ಅವಕ್ಕೆ ತೆಳ್ಳಗೆ ಕಲಸಿದ ಸಿಮೆಂಟು ಬಳಿದಿದ್ದ. ಗೃಹಪ್ರವೇಶಕ್ಕೆ ಬಂದ ಎದುರು ಮನೆಯವರು ಮೇಲೆ ನೋಡಿ, ಸರಳು ಬಿಟ್ಟ ಮನೆ ಅರ್ಧ ಕಟ್ಟಿದಂತೆ ಕಾಣುತ್ತದೆ, ಓಣಿಯ ಲಕ್ಷಣ ಕೆಡುತ್ತದೆ ಎಂದರು. ಆ ಓಣಿಗೆ ನಮ್ಮ ಪೈಕಿ ಮೊದಲು ಕಾಲಿಟ್ಟವನು ನಾನು. ಮಾಸ್ತರ ನೌಕರಿ, ಇಸ್ತ್ರಿ ಅಂಗಿ. ಯಾರೂ ಬೆರಳು ತೋರಿಸಬಾರದೆಂಬ ಹುಚ್ಚು ತಲೆಗೇರಿತ್ತು. ಅಪ್ಪ ಕಲ್ಮಲಕ್ಕೆ ಕೆಲಸಕ್ಕೆ ಹೋದಾಗ ಕಟರ್ ತರಿಸಿ ಎಲ್ಲವನ್ನೂ ಮಟ್ಟಸ ಕೊಯ್ಸಿ, ಮೇಲೆ ಸಿಮೆಂಟಿನ ಗಿಲಾವು ಮಾಡಿಸಿ ಬಣ್ಣ ಹಚ್ಚಿಸಿದೆ.

ಅಪ್ಪ ಬಂದವನು ಮಾಳಿಗೆ ಹತ್ತಿ ಕಂಬದ ತಲೆಯ ಮೇಲೆ ಕೈಯಾಡಿಸಿದ.

"ಯಾರಿಗಿ ಅಂಜಿ ಕೊಯ್ಸಿದೆಪಾ?" ಎಂದ.

ನಿನಗೆ ಇವೆಲ್ಲ ತಿಳಿಯುವುದಿಲ್ಲ ಎಂದು ಅವನ ಬಾಯಿ ಮುಚ್ಚಿಸಿದೆ. ಥೂ, ನನ್ನ ಬುದ್ಧಿಗಿಷ್ಟು ಬೆಂಕಿ ಬೀಳಲಿ. ಮನೆ ಕಟ್ಟಿದವನಿಗೆ ತಿಳಿಯದ್ದು ಇಸ್ತ್ರಿ ಅಂಗಿಗೆ ತಿಳಿದಿತ್ತೇ?

ಕಂಬದ ತಲೆ ಒಡೆದು ಹೊಸ ಸರಳು ಕೂಡಿಸಬೇಕು, ತಿಂಗಳುಗಟ್ಟಲೆ ಕೆಲಸ ಎಂದ ಎಂಜಿನಿಯರ್. ಮಾಡು ಎಂದೆ. ಒಡೆಯುವ ಸದ್ದು ಕೇಳಿದ್ದೇ ತಡ, ಎದುರು ಮನೆಯವರು ನಾಲ್ಕು ಜನರನ್ನು ಕೂಡಿಸಿಕೊಂಡು ನಗರಸಭೆಗೆ ಹೋಗಿ ತಕರಾರು ಅರ್ಜಿ ಕೊಟ್ಟರು. ಗಾಳಿ ಬೆಳಕು ಹೋಗುತ್ತದಂತೆ, ಯಾರ್ಯಾರೋ ಬಂದು ಸೇರಿಕೊಳ್ಳುತ್ತಾರಂತೆ. ಆ ಯಾರ್ಯಾರೋ ಯಾರೆಂದು ನನಗೆ ಗೊತ್ತಿಲ್ಲವೇ? ವಿಚಾರಣೆ ಮುಗಿಯುವ ತನಕ ಕೆಲಸ ನಿಲ್ಲಿಸಿ ಎಂದು ಕಾಗದ ಬಂತು. ಕಚೇರಿಗೆ ತಿರುಗಿ ತಿರುಗಿ ನನ್ನ ಚಪ್ಪಲಿ ಸವೆಯಿತು.

ತಂಗಿ ಏಳು ತಿಂಗಳು ತುಂಬುವವರೆಗೆ ಬಸ್ಸಿನಲ್ಲೇ ಓಡಾಡಿದಳು. ಒಂದು ಬೆಳಿಗ್ಗೆ ದಾರಿಯಲ್ಲೇ ರಕ್ತ ಕಾಣಿಸಿತು. ಮಗು ಉಳಿಯಿತು, ಅದು ನಮ್ಮ ಪುಣ್ಯ. ಮರುವಾರ ಫೋನ್ ಮಾಡಿದಳು.

"ಸಾಕಾತಣ್ಣಾ. ನೌಕರಿ ಬಿಟ್ಟೀನಿ."

ಕೂಲಿ ಮಾಡಿದ ಮನೆತನದಿಂದ ಮೊದಲ ಸಲ ಬಿಳಿ ಸಮವಸ್ತ್ರ ತೊಟ್ಟವಳು ಆಕೆ. ಅಳಲಿಲ್ಲ ಕೂಡ. ಅತ್ತಿದ್ದು ನಾನು.

ಮೊನ್ನೆ ಸಂಜೆ ಎದುರು ಮನೆಯವರು ನಮ್ಮ ಗೇಟಿನ ಹತ್ತಿರ ಬಂದು ನಿಂತರು. ಅವರ ಹೆಂಡತಿ ಹಾಸಿಗೆ ಹಿಡಿದಿದ್ದರು, ದಿನಕ್ಕೆರಡು ಸಲ ಸೂಜಿ ಹಾಕಬೇಕಿತ್ತು, ಆಟೋದಲ್ಲಿ ಕೂರಿಸಿ ಒಯ್ಯುವ ಸ್ಥಿತಿಯಲ್ಲಿ ಅವರಿರಲಿಲ್ಲ.

"ನಿಮ್ಮ ತಂಗಿ ಬರ್ತಾರೇನ್ರಿ, ಮಾಸ್ತರ್ರ?"

"ಆಕಿ ದೇವದುರ್ಗದಾಗ ಅದಾಳ್ರಿ. ಇಲ್ಲಿರಾಕ ನೀವು ಬಿಡಲಿಲ್ಲ."

ಅವರು ತಿರುಗಿ ಹೋದರು. ಹೊಟ್ಟೆ ತಣ್ಣಗಾಗಬೇಕಿತ್ತು, ಆಗಲಿಲ್ಲ. ಎದುರು ಮನೆಯೊಳಗೆ ಆ ಹೆಣ್ಣುಮಗಳು ನರಳುವುದು ನಮ್ಮ ಬಾಗಿಲಿಗೇ ಕೇಳುತ್ತಿತ್ತು. ಬೈದುಕೊಳ್ಳುತ್ತಲೇ ಬೈಕ್ ಹತ್ತಿ ಸುತ್ತಲಿನ ಓಣಿಗಳನ್ನೆಲ್ಲ ತಿರುಗಿ, ಮನೆ ಮನೆಯ ಮುಂದೆ ನಿಂತು ಕೇಳಿದೆ. ಎಲ್ಲ ಮನೆಗೂ ಗಾಳಿ ಇತ್ತು, ಬೆಳಕಿತ್ತು. ಸೂಜಿ ಹಾಕುವವರು ಒಬ್ಬರೂ ಇರಲಿಲ್ಲ.