ಗಾಡಿ ಹೊಡೆದವನು

ಬೋರೇಗೌಡರ ಎತ್ತಿನ ಗಾಡಿಗೆ ಹಿಂದಿನಿಂದ ಕಾರು ಗುದ್ದಿ, ಗಾಡಿಯನ್ನೂ ಅದರೊಳಗಿದ್ದವರನ್ನೂ ಹಳ್ಳಕ್ಕೆ ಕೆಡವಿ, ಓಡಿಹೋದವನು ನಾನು. ‘ಗುದ್ದಿ’ ಎಂದೇ ಬರೆಯುತ್ತಿದ್ದೇನೆ. ‘ಹೊಡೆದು’ ಎಂದು ಬರೆಯಬಹುದಿತ್ತು, ಬರೆಯಲಾರೆ — ಆ ಒಂದು ಮಾತು ನನ್ನನ್ನು ಇಷ್ಟು ವರ್ಷ ಕಾಪಾಡಿದೆ, ಇನ್ನು ಅದರ ಋಣ ಬೇಡ.

ಎರಡನೇ ಮಹಾಯುದ್ಧ ಶುರುವಾಗುವುದಕ್ಕೆ ಮುಂಚಿನ ಮಾತು. ಹೊಳೆನರಸೀಪುರದಲ್ಲಿ ನಮ್ಮದು ಮೆಣಸಿನಕಾಯಿ ಮಂಡಿ. ಅಪ್ಪ ಬೆಂಗಳೂರಿನಿಂದ ಒಂದು ಹಳೆಯ ಕಾರು ತಂದಿದ್ದರು. ಅದನ್ನು ಓಡಿಸಲು ಒಬ್ಬ ಡ್ರೈವರ್ ಇದ್ದ. ಅವನು ಊರಿಗೆ ಹೋದಾಗಲೆಲ್ಲ ನಾನೇ ಡ್ರೈವರ್. ನನಗೆ ಲೈಸೆನ್ಸ್ ಇರಲಿಲ್ಲ. ಕಾರಿಗೆ ವಿಮೆ ಇರಲಿಲ್ಲ. ವಿಮೆಯ ಏಜೆಂಟರೊಬ್ಬರು ಹಾಸನದಿಂದ ಬಂದು ಕೇಳಿದಾಗ ಅಪ್ಪ, ‘ನಮ್ಮನೇಲಿ ಸದ್ಯಕ್ಕೆ ಯಾರೂ ಸಾಯೋರಿಲ್ಲ ಕಣಪ್ಪ’ ಎಂದು ಕಾಫಿ ಕುಡಿಸಿ ಕಳಿಸಿದ್ದರು. ನಮ್ಮಿಂದ ಬೇರೆಯವರು ಸಾಯಬಹುದು ಎನ್ನುವ ಯೋಚನೆ ನಮ್ಮ ಮನೆಯಲ್ಲಿ ಯಾರ ತಲೆಗೂ ಬಂದಿರಲಿಲ್ಲ.

ಬೋರೇಗೌಡರೆಂದರೆ ಹಾಸನದ ರಸ್ತೆಯ ಮೇಲಿನ ಒಂದು ಹಳ್ಳಿಯವರು. ಸುತ್ತಿನ ಹಳ್ಳಿಗಳಲ್ಲಿ ಅವರ ಗಾಡಿಗೆ ಒಂದು ಹೆಸರಿತ್ತು. ಅದು ಒಂದು ಸಲವೂ ಮಗುಚಿದ ಗಾಡಿಯಲ್ಲ. ಅವರ ಅಪ್ಪನ ಕಾಲದಲ್ಲೂ ಮಗುಚಿರಲಿಲ್ಲ. ಹಾಗಾಗಿ ಮದುವೆಯಾದ ಹೆಣ್ಣನ್ನು ಗಂಡನ ಮನೆಗೆ ಕಳಿಸುವಾಗ ಜನ ಅವರ ಗಾಡಿಯನ್ನೇ ಹುಡುಕಿಕೊಂಡು ಬರುತ್ತಿದ್ದರು. ಮಗುಚದ ಗಾಡಿಯಲ್ಲಿ ಹೋದವಳ ಸಂಸಾರವೂ ಮಗುಚುವುದಿಲ್ಲ ಎಂಬ ನಂಬಿಕೆ. ನನ್ನ ಮದುವೆಯೂ ಅರಕಲಗೂಡಿನ ಗೌರಮ್ಮನ ಜೊತೆ ನಿಶ್ಚಯವಾಗಿತ್ತು. ಹೆಣ್ಣು ಬರುವುದು ಬೋರೇಗೌಡರ ಗಾಡಿಯಲ್ಲೇ ಎಂದು ಎರಡು ಮನೆಯ ಹೆಂಗಸರೂ ಸೇರಿ ತೀರ್ಮಾನ ಮಾಡಿ ಆಗಿತ್ತು.

ಆ ದಿನ ಮಧ್ಯಾಹ್ನ ನಾನು ಕಾರಿನಲ್ಲಿ ಹಾಸನಕ್ಕೆ ಹೊರಟಿದ್ದೆ. ಕೆಲಸವೇನೂ ಇರಲಿಲ್ಲ — ಮದುವೆ ಗೊತ್ತಾದ ಹುಡುಗನಿಗೆ ಕೆಲಸ ಬೇಕೇ? ಒಂದು ಕೈ ಸ್ಟೀರಿಂಗಿನ ಮೇಲೆ, ಇನ್ನೊಂದು ಕೈ ಕ್ರಾಪಿನ ಮೇಲೆ. ಎದುರಿಗೆ ತಿರುವು. ತಿರುವಿನಾಚೆ ಬೋರೇಗೌಡರ ಗಾಡಿ. ಮುದ್ದೆ ಉಂಡು ಹೊರಟಿದ್ದ ಗೌಡರು ಗಾಡಿಯ ಮುಂತುದಿಯ ಮೂಕಿಯ ಮೇಲೆ ಕೂತು ತೂಕಡಿಸುತ್ತಿದ್ದರು, ಎತ್ತುಗಳಿಗೆ ದಾರಿ ಗೊತ್ತಿತ್ತು. ಹಿಂದೆ ಹುಲ್ಲಿನ ಮೇಲೆ, ಪುಕ್ಕಟೆ ಸವಾರಿ ಸಿಕ್ಕಿತೆಂದು ನಮ್ಮ ಠಾಣೆಯ ದಫೇದಾರರು ಗೊರಕೆ ಹೊಡೆಯುತ್ತಿದ್ದರು. ಇಡೀ ರಸ್ತೆಯಲ್ಲಿ ಎಚ್ಚರವಾಗಿದ್ದವು ಎರಡೇ ಜೀವ, ಆ ಎತ್ತುಗಳು. ನನ್ನನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ದಡ್ ಎಂದಿತು. ಗಾಡಿಯ ಹಿಂಭಾಗ ಎದ್ದು, ವಾಲಿ, ಪಕ್ಕದ ಕೆಸರಿನ ಹಳ್ಳಕ್ಕೆ ಮಗುಚಿತು. ನೊಗದ ಹಗ್ಗ ಕಿತ್ತುಕೊಂಡು ಎತ್ತುಗಳು ಅಲ್ಲೇ ನಿಂತು ಮೇಯಲು ತೊಡಗಿದವು. ಕೆಸರಿನಲ್ಲಿ ತೇಲುತ್ತಿದ್ದ ಪೊಲೀಸ್ ರುಮಾಲು ಕಂಡಿತು. ನಾನು ಇಳಿಯಬೇಕಿತ್ತು. ಅವರು ಬದುಕಿದ್ದಾರೋ ಸತ್ತಿದ್ದಾರೋ ಎಂದಾದರೂ ನೋಡಬೇಕಿತ್ತು — ನೋಡಲಿಲ್ಲ. ಕಾರನ್ನು ಓಡಿಸಿಕೊಂಡು ಹೋಗಿ, ಸ್ವಲ್ಪ ದೂರದ ಹುಣಸೆ ತೋಪಿನೊಳಗೆ ನುಗ್ಗಿಸಿ ನಿಲ್ಲಿಸಿದೆ.

ಆಮೇಲೆ ನಡೆದುಕೊಂಡು ವಾಪಸು ಬಂದೆ. ಇದನ್ನು ಒಳ್ಳೆಯತನವೆಂದು ಯಾರೂ ತಿಳಿಯಬಾರದು. ಬಂದದ್ದು ದಾರಿಹೋಕನ ಹಾಗೆ, ‘ಏನಾಯ್ತು, ಏನಾಯ್ತು’ ಎಂದು ಕೇಳುತ್ತ. ಅಷ್ಟರಲ್ಲಿ ಹೊಲದಿಂದ ಜನ ಬಂದು ಕೂಡಿದ್ದರು. ದಫೇದಾರರನ್ನು ಕೆಸರಿನಿಂದ ಎಳೆಯುವುದಕ್ಕೆ ನಾನೂ ಕೈ ಕೊಟ್ಟೆ. ಅವರಿಗೆ ಸೊಂಟದ ಕೆಳಗೆ ಬಲವಾದ ಪೆಟ್ಟಾಗಿತ್ತು, ಅದಕ್ಕಿಂತ ಬಲವಾದ ಪೆಟ್ಟು ಮರ್ಯಾದೆಗೆ ಆಗಿತ್ತು. ಬೋರೇಗೌಡರಿಗೆ ಮೊಣಕೈ ತರಚಿತ್ತು. ಅವರು ಅದನ್ನು ನೋಡಿಕೊಳ್ಳದೆ ಗಾಡಿಯ ಸುತ್ತ ಸುತ್ತುತ್ತಿದ್ದರು.

ಆಗ ನನ್ನ ಕಣ್ಣಿಗೆ ಬಿತ್ತು — ರಸ್ತೆಯ ಮೇಲೆ ಕಾರಿನ ದೀಪದ ಗಾಜು. ಬೇರೆ ಯಾರೂ ನೋಡಿರಲಿಲ್ಲ. ಮೆಲ್ಲಗೆ ಹೋಗಿ ಅದರ ಮೇಲೆ ಕಾಲಿಟ್ಟು ನಿಂತೆ. ತೆಳು ಚಪ್ಪಲಿ. ಚೂರು ಅಡಿಯನ್ನು ತೂರಿ ಹಿಮ್ಮಡಿಗೆ ಚುಚ್ಚಿತು. ಅಲುಗಾಡಿದರೆ ಗುಟ್ಟು ರಟ್ಟು. ಹಲ್ಲು ಕಚ್ಚಿ ನಿಂತೆ, ಕಣ್ಣಲ್ಲಿ ನೀರು ಬಂತು. ದಫೇದಾರರು ಅದನ್ನು ನೋಡಿ ಜನರಿಗೆ ಹೇಳಿದರು:

‘ನೋಡ್ರಲಾ, ಸಾವ್ಕಾರ್ರ ಮಗ. ನನ್ ಪಾಡು ನೋಡಿ ಅಳ್ತಾವ್ನೆ. ನೀವೂ ಇದ್ದೀರಿ.’

ಆಮೇಲೆ ಅವರು ರುಮಾಲು ಹಿಂಡುತ್ತ ಕೇಳಿದ ಪ್ರಶ್ನೆಯನ್ನು ನಾನು ಈಗಲೂ ಮರೆತಿಲ್ಲ.

‘ಗಾಡಿ ಹೊಡ್ದೋನ್ ಯಾವನ್ಲಾ?’

ಅವರು ಕೇಳಿದ್ದು ಗುದ್ದಿದವನನ್ನು. ಬೋರೇಗೌಡರಿಗೆ ಕೇಳಿಸಿದ್ದು ಬೇರೆ. ಎತ್ತಿನ ಗಾಡಿಯನ್ನು ನಮ್ಮ ಕಡೆ ಓಡಿಸುವುದಿಲ್ಲ, ಹೊಡೆಯುತ್ತಾರೆ. ಗೌಡರು ಕೈಕಟ್ಟಿ ಮುಂದೆ ಬಂದರು.

‘ನಾನೇ ಕಣ್ ಸಾ.’

‘ನೀನೇನ್ಲಾ? ಒಪ್ಕೋತೀಯಾ?’

‘ಒಪ್ಕೊಳ್ಳದೇನ್ ಸಾ. ನಮ್ಮಪ್ಪನ ಕಾಲ್ದಿಂದ ನಾವೇ ಹೊಡ್ಯೋದು. ಸಂತೆ ದಿನ ಓಗ್ತಾ ಒಂದ್ಸಲ, ಬತ್ತಾ ಒಂದ್ಸಲ.’

ದಫೇದಾರರ ಬಾಯಿ ತೆರೆದುಕೊಂಡಿತು. ಗಾಡಿಯನ್ನು ಯಾವುದೋ ಮೋರಿಕಟ್ಟೆಗೆ ತಾಗಿಸಿರಬೇಕು ಎಂದು ಅವರು ತಿಳಿದಿರಬೇಕು. ಸೊಂಟದ ಕೆಳಗೆ ಉಜ್ಜಿಕೊಳ್ಳುತ್ತ ಮತ್ತೆ ಕೇಳಿದರು:

‘ಎಲ್ಲಿಗ್ಲಾ ಹೊಡ್ದೆ?’

‘ಆಸನಕ್ಕೆ ಸಾ.’

ನಮ್ಮ ಜನರ ಬಾಯಲ್ಲಿ ಹಕಾರ ಎಷ್ಟೋ ಸಲ ನಿಲ್ಲುವುದಿಲ್ಲ. ಹಾಸನ ಎಂದಿಗೂ ಆಸನವೇ. ಆದರೆ ದಫೇದಾರರ ಕೈ ಆ ಗಳಿಗೆಯಲ್ಲಿ ಎಲ್ಲಿತ್ತೆಂದು ಎಲ್ಲರೂ ನೋಡುತ್ತಿದ್ದರು. ಯಾರೋ ಒಬ್ಬ ಕಿಸಕ್ಕೆಂದ. ಇಡೀ ಗುಂಪು ಹೊಟ್ಟೆ ಹಿಡಿದುಕೊಂಡು ನಕ್ಕಿತು. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ — ಗಾಜಿನ ಮೇಲೆ ನಿಂತೇ ನಾನೂ ನಕ್ಕೆ.

ಆ ನಗುವೇ ಬೋರೇಗೌಡರನ್ನು ಮುಳುಗಿಸಿತು. ಅದಿಲ್ಲದಿದ್ದರೆ ದಫೇದಾರರು ಇನ್ನೊಂದು ಮಾತು ಕೇಳುತ್ತಿದ್ದರೋ ಏನೋ, ರಸ್ತೆಯನ್ನು ಒಂದು ಸಲ ನೋಡುತ್ತಿದ್ದರೋ ಏನೋ. ಈಗ ಅವರಿಗೆ ಬೇಕಾಗಿದ್ದುದು ಒಬ್ಬ ಅಪರಾಧಿ, ಅದೂ ಬೇಗ. ಗೌಡರನ್ನು ಠಾಣೆಗೆ ಕರೆದುಕೊಂಡು ಹೋದರು. ಗಾಡಿಯೂ ಹೋಯಿತು. ಹೋಗುವಾಗ ಗೌಡರು ನನ್ನ ಕಡೆ ತಿರುಗಿ, ‘ಚಿಕ್ ಸಾವ್ಕಾರ್ರೆ, ಎತ್ಗೊಳ್ನ ಒಸಿ ಮನೆ ತಾವ ಬುಟ್ಬುಡಿ’ ಎಂದರು. ‘ನಾನು’ ಎಂಬ ಒಂದು ಮಾತು ನನ್ನ ಗಂಟಲವರೆಗೆ ಬಂದಿತ್ತು. ನಾನು ಎತ್ತುಗಳನ್ನು ಹಿಡಿದುಕೊಂಡು, ಕುಂಟುತ್ತ ಅವರ ಮನೆಗೆ ಹೋದೆ.

ಕೆಲವು ದಿನಗಳಾದ ಮೇಲೆ ಬೈದು, ಬುದ್ಧಿ ಹೇಳಿ, ಬಿಟ್ಟು ಕಳಿಸಿದರು. ಪೊಲೀಸಿನವರಿಗೆ ಅದು ಅಲ್ಲಿಗೆ ಮುಗಿಯಿತು. ಊರಿಗೆ ಮುಗಿಯಲಿಲ್ಲ. ಬೋರೇಗೌಡರ ಗಾಡಿ ಮಗುಚಿತಂತೆ ಎಂಬ ಸುದ್ದಿ ಅತ್ತ ಅರಕಲಗೂಡಿನವರೆಗೆ, ಇತ್ತ ಚನ್ನರಾಯಪಟ್ಟಣದವರೆಗೆ ಹೋಯಿತು. ಗೌರಮ್ಮನ ಅಜ್ಜಿ ಕಡ್ಡಿ ಮುರಿದ ಹಾಗೆ ಹೇಳಿದರು: ‘ಮಗುಚಿದ ಗಾಡೀಲಿ ನಮ್ಮ ಹುಡ್ಗೀನ ಕಳಿಸಾಕಿಲ್ಲ. ಅಳಿಯಂದ್ರ ಕಾರೇ ಬರಲಿ, ಅದು ಒಳ್ಳೇ ಗಾಡಿ.’

ಒಳ್ಳೇ ಗಾಡಿ ಬಂತು. ಒಡೆದ ದೀಪವನ್ನು ಬಿಚ್ಚಿ ಅಟ್ಟಕ್ಕೆ ಎಸೆದು, ಹೊಸ ದೀಪ ಹಾಕಿಸಿ, ಹೂವಿನ ಸರ ಇಳಿಬಿಟ್ಟು, ಅದರಲ್ಲೇ ಹೆಂಡತಿಯನ್ನು ಕರೆತಂದೆ. ದಾರಿಯಲ್ಲಿ ಬೋರೇಗೌಡರು ಗಾಡಿಯನ್ನು ಪಕ್ಕಕ್ಕೆ ಎಳೆದು ನಮಗೆ ದಾರಿ ಬಿಟ್ಟು ನಿಂತರು. ಗಾಡಿಯಲ್ಲಿ ಗೊಬ್ಬರ ತುಂಬಿತ್ತು. ಅವರು ಕೈಯೆತ್ತಿ ಹರಸಿದರು. ನಾನು ಕ್ರಾಪು ಸರಿಮಾಡಿಕೊಂಡೆ.

ಯುದ್ಧ ಮುಗಿಯಿತು. ಮಿಲಿಟರಿಯವರು ಮಾರಿದ ಹಳೆಯ ಲಾರಿಗಳು ನಮ್ಮ ಕಡೆಗೂ ಬಂದವು. ಬ್ರೇಕು ಇದ್ದರೆ ಹಾರನ್ ಇಲ್ಲ, ಹಾರನ್ ಇದ್ದರೆ ಡ್ರೈವರಿಗೆ ಲೈಸೆನ್ಸ್ ಇಲ್ಲ. ಚನ್ನರಾಯಪಟ್ಟಣದ ರಸ್ತೆಯಲ್ಲಿ ಒಂದು ಲಾರಿ ಒಬ್ಬ ಬಡಗಿಯ ಕಾಲಿನ ಮೇಲೆ ಹರಿದು ನಿಲ್ಲದೆ ಹೋಯಿತು, ಅವನ ಕಾಲು ತೆಗೆಯಬೇಕಾಯಿತು. ಜನ ರೊಚ್ಚಿಗೆದ್ದರು. ಹೊಳೆನರಸೀಪುರದಲ್ಲಿ ಸಭೆ ಸೇರಿತು. ಇನ್ಸ್‌ಪೆಕ್ಟರು ಬಂದರು. ಊರಿನ ದೊಡ್ಡ ಮನುಷ್ಯರಲ್ಲಿ ಒಬ್ಬರು ಅಧ್ಯಕ್ಷರಾಗಬೇಕಲ್ಲ — ಹಾರ ತಂದು ನನ್ನ ಕೊರಳಿಗೆ ಹಾಕಿದರು.

ನಾನು ಮಾತಾಡಿದೆ. ಚೆನ್ನಾಗಿಯೇ ಮಾತಾಡಿದೆ. ಗುದ್ದಿ ಓಡಿಹೋಗುವವರು ಮನುಷ್ಯರೇ ಅಲ್ಲ ಎಂದೆ. ವಿಮೆಯಿಲ್ಲದೆ ವಾಹನ ಇಡುವವರಿಗೆ ಬೇಡಿ ತೊಡಿಸಬೇಕೆಂದೆ. ಮೇಜು ಗುದ್ದಿದೆ. ಇನ್ಸ್‌ಪೆಕ್ಟರು ತಲೆದೂಗಿದರು. ಆಗ ಹಿಂದಿನ ಸಾಲಿನಿಂದ ಬೋರೇಗೌಡರು ಎದ್ದು ನಿಂತರು.

‘ನಾನು ಓದ್ದೋನಲ್ಲ ಸಾ. ಒಂದ್ಸಲ ನಂಗೂ ತೂಕಡ್ಕೆ ಬಂದು ಗಾಡಿ ಮಗುಚ್ಬುಟ್ಟೆ. ದಫೇದಾರ್ರು ಬಿದ್ದೋದ್ರು. ನಾನು ಓಡೋಗ್ಲಿಲ್ಲ. ಗಾಡಿ ಹೊಡ್ದೋನು ಯಾರು ಅಂದ್ರು, ನಾನೇ ಅಂದೆ. ಆವತ್ತಿಂದ ನನ್ ಗಾಡೀಲಿ ಯಾರೂ ಹೆಣ್ ಕೂರ್ಸ್ಲಿಲ್ಲ. ನನ್ ಮಗ್ಳನ್ನೂ ಬ್ಯಾರೇರ್ ಗಾಡೀಲೇ ಕಳುಸ್ದೆ, ಅವ್ಳ ಅತ್ತೆ ಮನೆಯೋರು ಒಪ್ಪನಿಲ್ಲ. ಆದ್ರೂ ಓಡೋಗಿದ್ರೆ ನಿದ್ದೆ ಬತ್ತಿತ್ತಾ? ಈ ಡ್ರೈವರ್‌ಗೊಳ್ಗೆ ಅಷ್ಟು ಯೋಳಿ ಸಾ, ನಿಂತ್ಕಳಿ ಅಂತ.’

ಅವರು ಕೂತರು. ಜನ ಚಪ್ಪಾಳೆ ತಟ್ಟಿದರು. ಏನು ಮಾಡಬೇಕೆಂದು ತಿಳಿಯದೆ ನಾನು ನನ್ನ ಹಾರ ತೆಗೆದು ಅವರಿಗೆ ಹಾಕಿದೆ. ಅದಕ್ಕೂ ಚಪ್ಪಾಳೆ ಬಿತ್ತು. ಇಷ್ಟು ವರ್ಷ ನಾನು ತಿಳಿದಿದ್ದು, ಪೊಲೀಸರು ಅವರ ಮೇಲೆ ತಪ್ಪು ಹೊರಿಸಿದರು ಎಂದು. ಗೌಡರು ಅದನ್ನು ತಾವೇ ಹೊತ್ತುಕೊಂಡಿದ್ದರು. ತನ್ನ ಮಗಳು ಬೇರೆಯವರ ಗಾಡಿ ಹತ್ತುವಾಗ, ಇದು ತನ್ನ ತೂಕಡಿಕೆಯ ಫಲ ಎಂದುಕೊಂಡು ಆ ಅಪ್ಪ ನಿಂತು ನೋಡಿದ್ದ — ನನಗೆ ತಡೆಯಲಾಗಲಿಲ್ಲ.

ಮನೆಗೆ ಬಂದು ಗೌರಮ್ಮನಿಗೆ ಎಲ್ಲವನ್ನೂ ಹೇಳಿದೆ. ‘ಅದೇ ಕಾರಲ್ಲಿ ನನ್ನ ಕರ್ಕೊಂಡು ಬಂದ್ರಾ?’ ಎಂದಳು. ಆಮೇಲೆ, ‘ನನ್ ಹತ್ರ ಹೇಳಿ ಏನ್ ಬಂತು? ಅವ್ರ ಹತ್ರ ಹೋಗಿ ಹೇಳಿ’ ಎಂದಳು.

ಹೋದೆ. ಗೌಡರು ಜಗಲಿಯ ಮೇಲೆ ಹಗ್ಗ ಹೊಸೆಯುತ್ತಿದ್ದರು. ದಾರಿಯುದ್ದಕ್ಕೂ ಕಟ್ಟಿಕೊಂಡಿದ್ದ ಮಾತುಗಳೆಲ್ಲ ಎಲ್ಲಿ ಹೋದವೋ. ಕೊನೆಗೆ ಬಾಯಿಗೆ ಬಂದದ್ದು ಇಷ್ಟೇ:

‘ಗೌಡ್ರೆ, ಆವತ್ತು ಗಾಡಿ ಹೊಡೆದವನು ನಾನು.’

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಗಳಗಳನೆ ನಕ್ಕರು.

‘ನೀವಾ? ಸಾವ್ಕಾರ್ರೆ, ನೊಗ ಯಾವ್ದು ಮೂಕಿ ಯಾವ್ದು ಅಂತ ನಿಮ್ಗೆ ಗೊತ್ತಾ? ಆವತ್ತು ಎತ್ಗೊಳ್ನ ಕೊಟ್ರೆ ಕುಂಟ್ಕಂಡು ಬಂದ್ರಂತೆ, ನಮ್ಮೋಳು ಯೋಳ್ತಿದ್ಲು. ನೀವೆಲ್ಲಿ ಗಾಡಿ ಹೊಡ್ದೀರಿ.’ ಆಮೇಲೆ ನಗು ನಿಲ್ಲಿಸಿ ನನ್ನ ಕೈ ಹಿಡಿದುಕೊಂಡರು. ‘ಈ ಮುದ್ಕನ ಮನ್ಸು ಅಗುರಾಗ್ಲಿ ಅಂತ ನಿಮ್ ಮ್ಯಾಲೆ ಆಕ್ಕಂತಾ ಇದ್ದೀರಿ. ದೊಡ್ ಮನ್ಸು ಬುಡಿ ನಿಮ್ದು.’

ಒಳಗಿನಿಂದ ಮಜ್ಜಿಗೆ ಬಂತು. ‘ಹಾಗಲ್ಲ ಗೌಡ್ರೆ’ ಎನ್ನಬೇಕಿತ್ತು. ಇನ್ನೊಂದೇ ಮಾತು ಸಾಕಾಗಿತ್ತು. ನಾನು ಮಜ್ಜಿಗೆ ಕುಡಿದೆ. ಚೆನ್ನಾಗಿದೆ ಎಂದೆ. ಮನೆಗೆ ಬಂದೆ. ಹಿಂದೆ ಒಂದು ಸಲ ಗುದ್ದಿ ಓಡಿದ್ದೆ. ಈ ಸಲ ಮಜ್ಜಿಗೆ ಕುಡಿದು ಓಡಿಬಂದೆ — ಎರಡಕ್ಕೂ ಏನು ವ್ಯತ್ಯಾಸವೋ ನನಗೆ ತಿಳಿಯದು.

ಬರುವ ಸೋಮವಾರ ಮತ್ತೆ ಸಭೆಯಿದೆ. ಇನ್ಸ್‌ಪೆಕ್ಟರು ಬರುತ್ತಾರೆ. ಬೋರೇಗೌಡರೂ ಬರುತ್ತಾರೆ, ಮುಂದಿನ ಸಾಲಿನಲ್ಲೇ ಕೂರಿಸಲು ಹೇಳಿದ್ದೇನೆ. ಅಟ್ಟದ ಮೇಲಿದ್ದ ಆ ಒಡೆದ ದೀಪವನ್ನು ಗೌರಮ್ಮನೇ ಹುಡುಕಿ ತೆಗೆದು, ಒರೆಸಿ, ಬಾಗಿಲ ಪಕ್ಕದಲ್ಲಿ ಇಟ್ಟಿದ್ದಾಳೆ. ನಾನು ಹೋಗುವಾಗ, ಬರುವಾಗ ಅದು ನನ್ನನ್ನು ನೋಡುತ್ತದೆ. ಅದನ್ನು ಮೇಜಿನ ಮೇಲಿಟ್ಟು ಹೇಳುವುದನ್ನು ಇಲ್ಲಿ ಬರೆದು ಕಲಿಯುತ್ತಿದ್ದೇನೆ: ಗೌಡರೇ, ನಿಮ್ಮ ಗಾಡಿ ಮಗುಚಲಿಲ್ಲ, ಮಗುಚಿಸಿದವನು ನಾನು. ನಿಮ್ಮ ತೂಕಡಿಕೆಯದು ಏನೂ ತಪ್ಪಿಲ್ಲ. ಕಾರಿನಿಂದ ಗುದ್ದಿದೆ, ಓಡಿಹೋದೆ, ಮತ್ತೆ ಬಂದು ಗಾಜಿನ ಮೇಲೆ ಕಾಲಿಟ್ಟು ನಿಂತೆ. ನಿಮ್ಮ ಮಗಳು ಬೇರೆಯವರ ಗಾಡಿಯಲ್ಲಿ ಹೋದದ್ದು ನನ್ನಿಂದ.

ಇದನ್ನು ಕೇಳಿ ಅವರು ನಗಲಾರರು. ನಕ್ಕರೂ ಈ ಸಲ ನಾನು ಅಲ್ಲಿಂದ ಕದಲುವುದಿಲ್ಲ.