ಬಣ್ಣ ಗೊತ್ತಿಲ್ಲದ ಗರಿ

ಹಲ್ಲಿಯಕ್ಕನಿಗೆ ಆ ಹೆಸರು ಬಂದದ್ದು ಡೈನೋಸಾರ್‌ಗಳಿಂದ. ಅಪ್ಪ ಅಂಗಡಿ ಬೋರ್ಡು ಬರೆಯುತ್ತಿದ್ದ. ಕುಂಚ ನಡುಗದಂತೆ ಗೆರೆ ಎಳೆಯುವುದನ್ನು ಅವನಿಂದ ಕಲಿತು, ಮದುವೆಯಾದ ಮೇಲೆ ಅವಳು ಶಾಲಾ ಪುಸ್ತಕಗಳಿಗೆ ಚಿತ್ರ ಬರೆಯತೊಡಗಿದಳು. ಹೃದಯದ ಕವಾಟ, ಕಪ್ಪೆಯ ಬೆಳವಣಿಗೆ, ಅಣೆಕಟ್ಟು, ಏನು ಕೇಳಿದರೂ ಬರೆದುಕೊಟ್ಟಳು. ಜನರಿಗೆ ನೆನಪುಳಿದದ್ದು ಮಾತ್ರ ಡೈನೋಸಾರ್: ಹಸಿರು ಮೈ, ಸುಕ್ಕು ಚರ್ಮ, ಕಿರಿದ ಹಲ್ಲು. ಅಡುಗೆಮನೆ ಗೋಡೆಯ ಹಲ್ಲಿಯನ್ನೇ ಮಾದರಿ ಇಟ್ಟುಕೊಂಡಿದ್ದಳು. "ನಮ್ಮನೆ ಹಲ್ಲಿಗೆ ಹೊಟ್ಟೆ ತುಂಬಾ ಹಾಕಿದ್ರೆ ಇಷ್ಟೇ ಆಗುತ್ತೆ ಅತ್ತಿಗೆ" ಎಂದು ನಾದಿನಿ ಅಣಕಿಸುತ್ತಿದ್ದಳು.

ಈಚೆಗೆ ಪುಸ್ತಕದ ಚಿತ್ರಗಳೆಲ್ಲ ಕಂಪ್ಯೂಟರಿನ ಪಾಲಾಗಿದ್ದವು. ಉಳಿದದ್ದೊಂದೇ, ವಿಜ್ಞಾನ ಸಂಗ್ರಹಾಲಯದ ಹಜಾರದ ಗೋಡೆ. ಅಲ್ಲಿ ಅವಳು ಹಿಂದೆ ಬರೆದಿದ್ದ ಡೈನೋಸಾರ್ ಎರಡು ಕಾಲ ಮೇಲೆ ನಿಂತು ಹಲ್ಲು ಕಿರಿಯುತ್ತಿತ್ತು. ಹಜಾರವನ್ನು ಹೊಸದು ಮಾಡುವಾಗ ಸಂಗ್ರಹಾಲಯ ನೋಡಿಕೊಳ್ಳುವ ಕ್ಯುರೇಟರ್, ಮಗಳ ವಯಸ್ಸಿನವಳು, ಅವಳನ್ನು ಕರೆಸಿದಳು.

"ಅಕ್ಕ, ಇದನ್ನ ತಿದ್ದಬೇಕು. ಮೇಲಿನವರು ಕಂಪ್ಯೂಟರ್ ಚಿತ್ರ ಅಚ್ಚು ಹಾಕಿಸಿದ ಪ್ಲಾಸ್ಟಿಕ್ ಹಾಳೆ ತಂದಿಟ್ಟಿದ್ದಾರೆ ನೋಡಿ. ಉದ್ಘಾಟನೆ ಹೊತ್ತಿಗೆ ಚಿತ್ರ ಸರಿಯಾಗದಿದ್ರೆ ಅಂಟಿಸಿಬಿಡ್ತಾರೆ. ನನಗೆ ಕೈಯಲ್ಲಿ ಬರೆದದ್ದೇ ಬೇಕು."

ಏನು ತಿದ್ದಬೇಕೆಂದು ಹೇಳುವ ಮೊದಲೇ ಕ್ಯುರೇಟರಿಗೆ ಕರೆ ಬಂತು. ದೂರದ ಗುಡ್ಡದಲ್ಲಿ ಮೂಳೆ ಸಿಕ್ಕಿತ್ತು. ಹೊರಟೇಬಿಟ್ಟಳು. ಅಲ್ಲಿಗೆ ಫೋಟೋ ಹೋಗುತ್ತಿರಲಿಲ್ಲ, ಅಲ್ಲಿಂದ ಬರುತ್ತಲೂ ಇರಲಿಲ್ಲ. ಫೋನಿನಲ್ಲಿ ದನಿಯ ಸಂದೇಶ ಮಾತ್ರ ಚೂರುಚೂರಾಗಿ ಬರುತ್ತಿತ್ತು.

ಮೊದಲ ಚೂರು: "ಚಿತ್ರ ಬೋಳುಬೋಳಾಗಿದೆ ಅಕ್ಕ. ಗರಿ ಹಾಕಿ. ತುಂಬಾ ಗರಿ."

ಹಕ್ಕಿಯ ಮೈಮೇಲಿನದೂ ಗರಿ, ತಾಳೆಯ ತಲೆಮೇಲಿನದೂ ಗರಿ. ಕ್ಯುರೇಟರ್ ಹೇಳಿದ್ದು ಮೊದಲನೆಯದು, ಹಲ್ಲಿಯಕ್ಕ ಕೇಳಿಸಿಕೊಂಡದ್ದು ಎರಡನೆಯದು. ಡೈನೋಸಾರಿನ ಮೈಗೆ ಗರಿ ಎಂಬ ಯೋಚನೆ ಅವಳ ಹತ್ತಿರವೂ ಸುಳಿಯಲಿಲ್ಲ. ಹಿನ್ನೆಲೆಯಲ್ಲಿ ಗಿಡ್ಡ ತಾಳೆಯಂಥ ಗಿಡಗಳಿದ್ದವು. ಅವು ನಿಜಕ್ಕೂ ಬೋಳಾಗಿಯೇ ಇದ್ದವು. ಗರಿ ಸೇರಿಸಿದಳು. ಎಲ್ಲೆಲ್ಲಿ, ಎಷ್ಟೆಷ್ಟು ಉದ್ದ ಎಂದು ಕೇಳಿ ಕಳಿಸಿದಳು.

"ತೋಳಿನ ಹತ್ರ ಉದ್ದ, ಹೊಟ್ಟೆ ಹತ್ರ ಗಿಡ್ಡ. ಬಾಲದ ಕೊನೇಲಿ ಬೀಸಣಿಗೆ ತರ ಹರಡಲಿ. ಒತ್ತೊತ್ತಾಗಿರಬೇಕು ಅಕ್ಕ, ಮೈ ಕಾಣಬಾರದು."

"ಮೈ ಕಾಣಬಾರದಂತೆ!" ಸಹಾಯಕ್ಕೆ ಬಂದಿದ್ದ ನಾದಿನಿ ಬಣ್ಣದ ಡಬ್ಬಿಯ ಮುಚ್ಚಳ ತೆಗೆಯುತ್ತಾ ಹೇಳಿದಳು. "ಮೈ ಕಾಣದಿದ್ರೆ ಡೈನೋಸಾರ್ ಯಾಕೆ ಅತ್ತಿಗೆ, ಪೊದೆ ಸಾಕಲ್ಲ?"

"ಅವಿತಿರುತ್ತೇನೋ. ಬೇಟೆಗೆ ಕಾಯ್ತಾ."

"ಬಣ್ಣ ಏನಂತೆ ಕೇಳಿ ಮತ್ತೆ. ಆಮೇಲೆ ಅದಕ್ಕೂ ಕ್ಯಾತೆ ತೆಗೆದಾರು."

ಕೇಳಿದಳು. ಅರ್ಧ ದಿನ ಬಿಟ್ಟು ಉತ್ತರ ಬಂತು. "ಗರಿಯ ಬಣ್ಣ ಯಾರಿಗೂ ಗೊತ್ತಿಲ್ಲ ಅಕ್ಕ. ನಿಮಗೇ ಬಿಟ್ಟಿದ್ದು."

ಇಬ್ಬರೂ ಮುಖಮುಖ ನೋಡಿಕೊಂಡರು. "ಎಲೆ ಹಸಿರು ಅನ್ನೋದೂ ಗೊತ್ತಿಲ್ವಾ?" ಎಂದಳು ನಾದಿನಿ. "ಓದಿ ಓದಿ ಮರುಳಾದ್ರು ಅಂತಾರಲ್ಲ, ಇದೇ ಇರಬೇಕು."

ಹಲ್ಲಿಯಕ್ಕ ನಗಲಿಲ್ಲ. ಆ ಕಾಲದ ಎಲೆ ಬೇರೆ ಬಣ್ಣದ್ದಿತ್ತೋ ಏನೋ. ತನಗೆ ಗೊತ್ತಿರುವುದಾದರೂ ಎಷ್ಟು? ಪ್ರಾಣಿಯನ್ನು ಮುಚ್ಚಿದ ಎಲೆಗಳಲ್ಲಿ ಕೆಲವಕ್ಕೆ ಹಸಿರು, ಕೆಲವಕ್ಕೆ ಅನುಮಾನದ ಕಂದು ಹಚ್ಚಿದಳು. ಗೋಡೆಗೆ ಒರಗಿಸಿಟ್ಟ ಪ್ಲಾಸ್ಟಿಕ್ ಹಾಳೆಯ ಸುರುಳಿಯ ಕಡೆ ಆಗಾಗ ಕಣ್ಣು ಹೋಗುತ್ತಿತ್ತು.

ಉದ್ಘಾಟನೆಯ ಹಿಂದಿನ ದಿನ ಬೆಳಿಗ್ಗೆ ಕ್ಯುರೇಟರ್ ಬಂದಳು. ಕಾಲಿನ ಮಣ್ಣೂ ಆರಿರಲಿಲ್ಲ. ಗೋಡೆಯ ಈ ತುದಿಯಿಂದ ಆ ತುದಿಗೆ ಎರಡು ಸಲ ನಡೆದಳು.

"ಪ್ರಾಣಿ ಎಲ್ಲಿ ಅಕ್ಕ?"

"ಒಳಗಿದೆ. ಮೈ ಕಾಣಬಾರದು ಅಂದ್ರಲ್ಲ ಮೇಡಂ."

"ಅಯ್ಯೋ! ಗರಿ ಅಂದ್ರೆ ಹಕ್ಕಿ ಗರಿ!"

"ಇದರಲ್ಲಿ ಹಕ್ಕಿ ಎಲ್ಲಿ ಬಂತು?"

"ಇದೇ ಹಕ್ಕಿ. ಅಂದ್ರೆ, ಹಕ್ಕಿ ಅಲ್ಲ. ಹಕ್ಕಿಗಳ ಅಜ್ಜನೂ ಅಲ್ಲ, ದೊಡ್ಡಪ್ಪ ಇದ್ದಂಗೆ. ಮೈತುಂಬಾ ಗರಿ ಇತ್ತು. ಕೆಲವು ಜಾತಿಯ ಗರಿ ಕಲ್ಲಿನಲ್ಲಿ ಅಚ್ಚಾಗಿ ಸಿಕ್ಕಿದೆ, ಬಣ್ಣದ ಕಣದ ಗುರುತೂ ಸಿಕ್ಕಿದೆ. ಇದರದ್ದು ಮಾತ್ರ ಸಿಕ್ಕಿಲ್ಲ."

"ಹಾಗಾದ್ರೆ ಇಷ್ಟು ವರ್ಷ ನಾನು ಬರೆದ ಹಲ್ಲಿ?"

ಕ್ಯುರೇಟರ್ ಬಗ್ಗಿ ಕಾಲಿನ ಮಣ್ಣು ಕೆರೆಯತೊಡಗಿದಳು.

ಹಲ್ಲಿಯಕ್ಕ ಕಣ್ಣು ಕಿರಿದು ಮಾಡಿ ಗೋಡೆ ನೋಡಿದಳು. ತೋಳಿನ ಹತ್ತಿರದ ಉದ್ದ ಎಲೆಗೆ ನಡುವೆ ದಂಟು, ಎರಡೂ ಬದಿಗೆ ಒತ್ತಾದ ಎಳೆ. ಹಕ್ಕಿಯ ಗರಿಗೂ ಅದೇ ಕಟ್ಟು. "ಕಂದು ಕಲಸು" ಎಂದಳು ನಾದಿನಿಗೆ. ಎಲೆಗಳ ಬುಡವನ್ನು ಒಂದೊಂದಾಗಿ ಪ್ರಾಣಿಯ ಮೈಗೆ ಸೇರಿಸುತ್ತ, ಹಸಿರನ್ನು ಮುಚ್ಚುತ್ತ ಹೋದಳು. ಮಧ್ಯಾಹ್ನಕ್ಕೆ ಪೊದೆಯೊಳಗಿಂದ ತೋಳು ಬಂತು. ಆಮೇಲೆ ಬಾಲ. ಹಲ್ಲಿಯೂ ಅಲ್ಲದ, ಕೋಳಿಯೂ ಅಲ್ಲದ ಏನೋ ಒಂದು ಅವಳನ್ನೇ ನೋಡುತ್ತಿತ್ತು. ಅದರ ಗುರುತು ಅವಳಿಗೆ ಸಿಗಲಿಲ್ಲ.

ಸಂಜೆ ಕ್ಯುರೇಟರ್ ಗೋಡೆಗೆ ಮೂಗು ತಾಗುವಷ್ಟು ಬಗ್ಗಿದಳು.

"ಅಕ್ಕ, ಮೊಣಕಾಲಿನ ಹತ್ರ ಇದೆಯಲ್ಲ, ಇದು ಗರಿನಾ, ಎಲೆನಾ?"

ಹಲ್ಲಿಯಕ್ಕ ಕನ್ನಡಕ ಏರಿಸಿ ನೋಡಿದಳು. ಬರೆದವಳು ತಾನೇ. ಆದರೂ ಹೇಳಲಾಗಲಿಲ್ಲ.

"ಓದಿದವರು ನೀವು. ನೀವೇ ಹೇಳಿ."

ಕ್ಯುರೇಟರ್ ಮತ್ತೊಮ್ಮೆ ಬಗ್ಗಿದಳು, ತಲೆ ವಾಲಿಸಿದಳು, ಹಿಂದೆ ಸರಿದಳು. "ನನಗೂ ಗೊತ್ತಾಗ್ತಿಲ್ಲ" ಎಂದು, ಪ್ಲಾಸ್ಟಿಕ್ ಹಾಳೆಯ ಸುರುಳಿಯನ್ನು ಉಗ್ರಾಣಕ್ಕೆ ಸಾಗಿಸಲು ಕಾವಲುಗಾರನನ್ನು ಕೂಗಿದಳು.